ಫ್ಲೆಕ್ಸಿನಲ್ಲಿ ಹಲ್ಲು ಬೆಳ್ಳಗಿದೆ

ನೀಟ್ ಫಲಿತಾಂಶ ಬಂದರೆ ಸಾಕು, ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿ ತನಕ ಹೈವೇ ಪಕ್ಕ ಬರೀ ಮುಖಗಳು. ಗೆದ್ದ ಮಕ್ಕಳ ಮುಖ ಅಂಗೈಯಷ್ಟು, ಕೈ ಮುಗಿದು ನಿಂತ ಕೋಚಿಂಗ್ ಸೆಂಟರ್ ಮಾಲೀಕರ ಮುಖ ಬಾಗಿಲಷ್ಟು. ಈ ಸಲ ಬಾಗೇಪಲ್ಲಿ ಕಡೆಯ ಒಂದು ಹಳ್ಳಿ ಹುಡುಗನ ಫ್ಲೆಕ್ಸೂ ಎದ್ದಿತ್ತು. ಜೀವಶಾಸ್ತ್ರದಲ್ಲಿ 360ಕ್ಕೆ 340. ಹುಡುಗ ಬಾಯಿ ತುಂಬಾ ನಗುತ್ತಿದ್ದ. ಹಲ್ಲು ಮಲ್ಲಿಗೆ ಮೊಗ್ಗಿನ ಹಾಗೆ.

ಅವನ ಅಸಲಿ ಹಲ್ಲು ಹಾಗಿಲ್ಲ. ಅಡ್ಡಡ್ಡ ಕಂದು ಗೆರೆ, ಅಲ್ಲಲ್ಲಿ ಸುಣ್ಣ ಬಳಿದಂಥ ಮಚ್ಚೆ. ಅವನೊಬ್ಬನದಲ್ಲ, ಆ ಬೀದಿಯ ಮಕ್ಕಳದೆಲ್ಲ ಹಾಗೇ. ಫ್ಲೆಕ್ಸ್ ಅಂಗಡಿಯವರನ್ನು ಕೇಳಿದೆ. "ಈ ಕಡೆ ಫೋಟೊ ಬಂದ್ರೆ ಮೊದ್ಲು ಹಲ್ಲು ಬಿಳಿ ಮಾಡೋದೇ ಕೆಲ್ಸ ಸಾರ್. ಅದಕ್ಕೆ ಎಕ್ಸ್‌ಟ್ರಾ ತಗೊಳ್ಳಲ್ಲ" ಅಂದರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು, ಮೂಳೆ ಕೆಡುವ ಈ ಫ್ಲೋರೋಸಿಸ್ ತಡೆಯೋಕೆ ಎಷ್ಟೋ ಯೋಜನೆ ಬಂದು ಹೋದವು. ಪೂರ್ತಿ ಗುಣವಾಗುವುದು ಮಾತ್ರ ಈ ಅಂಗಡಿಯಲ್ಲಿ.

ಹುಡುಗನ ಜ್ಞಾನದ ಬಗ್ಗೆ ಎರಡು ಮಾತಿಲ್ಲ. ಫ್ಲೋರೈಡ್ ಯಾವ ಕಿಣ್ವವನ್ನು ತಡೆಯುತ್ತದೆ ಅಂತ ಕೇಳಿ. ನೀವು ಬಾಯಿ ಮುಚ್ಚುವ ಮೊದಲೇ "ಈನೊಲೇಸ್" ಅನ್ನುತ್ತಾನೆ. ಜೀವಕೋಶ ಸಕ್ಕರೆ ಒಡೆಯುವ ಗ್ಲೈಕಾಲಿಸಿಸ್‌ನ ಒಂಬತ್ತನೇ ಹೆಜ್ಜೆ. ಶುಗರ್ ಟೆಸ್ಟಿಗೆ ರಕ್ತ ತೆಗೆದು ಬೂದು ಮುಚ್ಚಳದ ಟ್ಯೂಬಿಗೆ ಹಾಕುತ್ತಾರಲ್ಲ, ಅದರೊಳಗೆ ಸೋಡಿಯಂ ಫ್ಲೋರೈಡ್ ಇರುತ್ತದೆ, ರಕ್ತಕಣಗಳು ಸಕ್ಕರೆಯನ್ನು ತಿಂದು ಹಾಕಬಾರದು ಅಂತ. ಅದೂ ಗೊತ್ತು. ಹಲ್ಲು, ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟ್‌ನಲ್ಲಿ ಹೈಡ್ರಾಕ್ಸಿಲ್ ಜಾಗಕ್ಕೆ ಫ್ಲೋರೈಡ್ ಬಂದು ಕೂರುತ್ತದೆ. ಅದೂ ಬಾಯಿಪಾಠ. ನಿಮ್ಮಜ್ಜಿಗೆ ಕೂತರೆ ಏಳೋಕಾಗಲ್ಲವಲ್ಲ, ಯಾಕಪ್ಪಾ ಅಂದರೆ, "ವಯಸ್ಸಾಯ್ತಲ್ಲ ಸಾರ್." ಪಾಪ, ಆ ಪ್ರಶ್ನೆಗೆ ನಾನು ನಾಲ್ಕು ಆಪ್ಷನ್ ಕೊಟ್ಟಿರಲಿಲ್ಲ.

ಅವನನ್ನು ಬೈದು ಏನು ಪ್ರಯೋಜನ? 180 ಪ್ರಶ್ನೆ, 180 ನಿಮಿಷ. ಸರಿಯಾದರೆ 4, ತಪ್ಪಾದರೆ ಮೈನಸ್ 1. ನಿಂತು ಯೋಚಿಸುವವನು ಹಿಂದೆ ಬಿದ್ದ. ವಿಜ್ಞಾನಿ ಹಾನ್ಸ್ ಕ್ರೆಬ್ಸ್ ಪಾರಿವಾಳದ ಎದೆ ಮಾಂಸ ಕೊಚ್ಚಿಕೊಂಡು ತಿಂಗಳುಗಟ್ಟಲೆ ಕೂತು, ಜೀವಕೋಶ ಆಹಾರದಿಂದ ಶಕ್ತಿ ಪಡೆಯುವ ತನ್ನ ಚಕ್ರ ಕಂಡುಕೊಂಡ. 1937ರಲ್ಲಿ ಬರೆದು ಕಳಿಸಿದರೆ 'ನೇಚರ್' ಪತ್ರಿಕೆ ವಾಪಸ್ ಕಳಿಸಿತು. 1953ರಲ್ಲಿ ನೊಬೆಲ್ ಬಂತು. ನಮ್ಮ ಮಕ್ಕಳಿಗೆ ಆ ಚಕ್ರ ಒಂದು ನಿಮಿಷದ ಬಾಬತ್ತು. ಕಾಲೇಜಿನ ಮೈಕ್ರೋಸ್ಕೋಪ್ ಬೀರುವಿನಲ್ಲಿದೆ, ಬೀಗದ ಕೈ ಅಟೆಂಡರ್ ಹತ್ತಿರ ಇದೆ, ಅಟೆಂಡರ್ ರಜೆಯಲ್ಲಿದ್ದಾರೆ. ಎನ್‌ಸಿಇಆರ್‌ಟಿಯವರಂತೂ ಹನ್ನೊಂದನೇ ತರಗತಿಯ ಪುಸ್ತಕದಿಂದ ಜೀರ್ಣಕ್ರಿಯೆಯ ಪಾಠವನ್ನೇ ತೆಗೆದುಹಾಕಿದ್ದಾರೆ. ಉರು ಹೊಡೆಯುವವರಿಗೆ ಅರಗಿಸಿಕೊಳ್ಳುವ ವಿಚಾರ ಯಾಕೆ ಅಂತ ಇರಬೇಕು.

ಆ ಊರಲ್ಲೊಂದು ಶುದ್ಧ ಕುಡಿಯುವ ನೀರಿನ ಘಟಕ ಇದೆ. 5 ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್ ನೀರು ಬರಬೇಕು. ಈಗ ಕಾಯಿನ್ ಒಳಗೆ ಹೋಗುತ್ತದೆ, ಅಷ್ಟೇ. ಮುಂದಿನ ಕಟ್ಟೆ ಮೇಲೆ ಕಡಲೆಕಾಯಿ ಒಣಗುತ್ತಿದೆ. ನೀರು ಸೋಸುವ ಪೊರೆ, ಮೆಂಬ್ರೇನ್, ಹೋಗಿದೆಯಂತೆ. ಮೆಂಬ್ರೇನ್ ಅಂದರೇನು, ಆಸ್ಮಾಸಿಸ್ ಹೇಗೆ ನಡೆಯುತ್ತದೆ ಅಂತ ಚಿತ್ರ ಬರೆದು ತೋರಿಸುವ ಹುಡುಗರು ಬೀದಿಗೆ ಇಬ್ಬರಿದ್ದಾರೆ. ಅದನ್ನು ಬದಲಾಯಿಸುವವನು ತಾಲ್ಲೂಕಿಗೆ ಒಬ್ಬ, ಅವನು ಫೋನ್ ಎತ್ತುವುದಿಲ್ಲ. ಕುದಿಸಿ ಕುಡೀರಿ ಅಂತ ಯಾರೋ ಸಲಹೆ ಕೊಟ್ಟರಂತೆ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ಇನ್ನೂ ಸ್ಟ್ರಾಂಗ್ ಆಗುತ್ತದೆ, ಡಿಕಾಕ್ಷನ್ನು.

ಆದರೆ ಟೆಸ್ಟ್ ಮಾಡ್ತಿಲ್ಲ ಅಂತ ಮಾತ್ರ ಹೇಳಬೇಡಿ. ಜಲ ಜೀವನ್ ಮಿಷನ್‌ನಲ್ಲಿ ಊರಿನ ಹೆಂಗಸರಿಗೇ ಕಿಟ್ ಕೊಟ್ಟು ನೀರು ಪರೀಕ್ಷೆ ಕಲಿಸುತ್ತಾರೆ. ಇಲ್ಲಿ ಆ ಕೆಲಸ ಮಾಡುವ ಅಕ್ಕ ಎಸ್‌ಎಸ್‌ಎಲ್‌ಸಿ ಓದಿದವರು. ಬೋರ್‌ವೆಲ್ ನೀರನ್ನು ಬಾಟಲಿಯ ಗೀಟಿನ ತನಕ ತುಂಬಿ, ಹನಿ ಎಣಿಸಿ ದ್ರಾವಣ ಹಾಕಿ, ಅಲ್ಲಾಡಿಸಿ, ಬಿಸಿಲಿಗೆ ಬೆನ್ನು ಮಾಡಿ ಕಾರ್ಡಿನ ಬಣ್ಣದ ಪಕ್ಕ ಹಿಡಿದರು. ಗುಲಾಬಿಯಿಂದ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ. ಕಾರ್ಡು ನೋಡುವ ಮೊದಲೇ ಅವರಿಗೆ ಗೊತ್ತಿತ್ತು. ಇರಬಹುದಾದದ್ದು ಲೀಟರಿಗೆ ಹೆಚ್ಚೆಂದರೆ 1.5 ಮಿಲಿಗ್ರಾಂ. ಬಾಟಲಿ ಹಳದಿಯಾಗಿ ಕೂತಿತ್ತು.

ಹುಡುಗನಿಗೆ ಜಾಸ್ತಿ ಬಂದರೆ ಫ್ಲೆಕ್ಸು, ನೀರಿಗೆ ಜಾಸ್ತಿ ಬಂದರೆ ಫೈಲು.

"ಮೊಬೈಲಲ್ಲಿ ಅಪ್‌ಲೋಡ್ ಮಾಡಿದ್ದೀನಣ್ಣ" ಅಂದರು ಅಕ್ಕ. "ಮತ್ತೆ ಏನಂದ್ರು?" "ಇನ್ನೊಂದ್ಸಲ ಟೆಸ್ಟ್ ಮಾಡಿ ಅಂದ್ರು. ಹೋದ್ ವರ್ಷಾನೂ ಹಂಗೇ ಅಂದಿದ್ರು."

ಅಂದರೆ ನಮ್ಮ ನೀರೂ ಕೋಚಿಂಗಿಗೆ ಸೇರಿದೆ, ಲಾಂಗ್ ಟರ್ಮ್ ಬ್ಯಾಚು.