ಕಾರಿನ ಹಲ್ಲು

ನಮ್ಮ ತಾತ ಎತ್ತು ಕೊಳ್ಳುವಾಗ ಮಾರುವವನ ಮಾತು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಅವನ ಪಾಡಿಗೆ ಅವನು ಹೊಗಳುತ್ತಿದ್ದರೆ, ಇವರು ಸೀದಾ ಹೋಗಿ ಎತ್ತಿನ ಕೆಳದುಟಿ ಎಳೆದು ಹಲ್ಲು ಎಣಿಸೋರು. ಎರಡು ಹಲ್ಲಾದರೆ ಎರಡು ವರ್ಷದ ಆಸುಪಾಸು. ಎಂಟೂ ಬಂದಿದ್ದರೆ ಬಾಯಿಗೂಡಿದೆ, ಇನ್ನು ಮೇಲೆ ಸವೆತ ನೋಡಬೇಕು. "ಮಾರೋನ ಬಾಯಿ ನೋಡ್ಬೇಡ ಕಣೋ, ಎತ್ತಿನ ಬಾಯಿ ನೋಡು" ಅನ್ನೋರು.

2023ರಲ್ಲಿ ಎರಡು ಲಕ್ಷದೊಳಗೆ ಒಂದು ಹಳೇ ಕಾರು ಹುಡುಕಲು ಹೊರಟಾಗ ನನಗೆ ಈ ಮಾತು ನೆನಪಾಯಿತು. ಕಾರಿಗೆ ಹಲ್ಲು ಎಲ್ಲಿರುತ್ತೆ?

ಮೀಟರಿನಲ್ಲಂತೂ ಇಲ್ಲ. ಬೆಂಗಳೂರಿನ ಒಂದು ಯಾರ್ಡಿನಲ್ಲಿ ನೋಡಿದ ಮೊದಲ ಗಾಡಿಯ ಮೀಟರ್ 42,000 ಕಿಲೋಮೀಟರ್ ತೋರಿಸುತ್ತಿತ್ತು. ಹತ್ತು ವರ್ಷದ ಗಾಡಿ, ಸಿಂಗಲ್ ಓನರ್, ಓಡಿಸಿದ್ದು ಡಾಕ್ಟರ್ ಅಂದರು. (ಯಾರ್ಡಿನಲ್ಲಿರುವ ಗಾಡಿಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರುತ್ತಾರೆ. ಆಸ್ಪತ್ರೆಗೆ ಯಾರು ಹೋಗುತ್ತಾರೋ ಗೊತ್ತಿಲ್ಲ.) ಜೊತೆಗೆ ಕರೆದುಕೊಂಡು ಹೋಗಿದ್ದ ಗ್ಯಾರೇಜ್ ಮೇಸ್ತ್ರಿ ಮೀಟರನ್ನು ನೋಡಲೇ ಇಲ್ಲ. ಬಾಗಿಲು ತೆಗೆದು ಕುಕ್ಕರುಗಾಲಲ್ಲಿ ಕೂತು ಪೆಡಲ್ ನೋಡಿದರು. ಕ್ಲಚ್ ಪೆಡಲಿನ ರಬ್ಬರಿನಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಎಡಮೂಲೆಯಲ್ಲಿ ರಬ್ಬರ್ ಹರಿದು ಕಬ್ಬಿಣ ಬೆಳ್ಳಿ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು. "42 ಸಾವಿರಕ್ಕೆ ಹಿಂಗೆ ಸವೆಯಲ್ಲ ಸಾರ್. ಮೀಟರ್ ಹಿಂದಕ್ಕೆ ಹೋಗಿದೆ, ಕಾಲು ಮುಂದಕ್ಕೆ ಹೋಗಿದೆ" ಅಂದರು.

ಹಲ್ಲು ಸಿಕ್ಕಿತು ಅಂತ ನನಗೆ ಖುಷಿ.

ಅಲ್ಲಿಂದ ಮುಂದೆ ಮೇಸ್ತ್ರಿಯ ಹಿಂದೆ ಹಿಂದೆ ಓಡಾಡಿ ಪಾಠ ಕಲಿತೆ. ಪಾಲಿಶ್ ಬಟ್ಟೆ ತಲುಪದ ಜಾಗದಲ್ಲೇ ಗಾಡಿಯ ವಯಸ್ಸು ಉಳಿದಿರುತ್ತದೆ. ಸೀಟ್ ಬೆಲ್ಟನ್ನೇ ತಗೊಳ್ಳಿ. ನಾವು ಹಾಕಿಕೊಳ್ಳೋವಾಗ ಅದನ್ನು ಪೂರ್ತಿ ಎಳೆಯುವುದಿಲ್ಲ, ಕೊನೆಯ ಒಂದೆರಡು ಅಡಿ ಯಾವಾಗಲೂ ಒಳಗೆ ಸುರುಳಿ ಸುತ್ತಿಕೊಂಡೇ ಇರುತ್ತದೆ. ಗಾಡಿ ತೊಳೆಯುವ ಹುಡುಗನೂ ಅಲ್ಲಿವರೆಗೆ ಹೋಗುವುದಿಲ್ಲ. ಮೇಸ್ತ್ರಿ ಅದನ್ನು ಹಗ್ಗ ಸೇದಿದ ಹಾಗೆ ಕೊನೆಯವರೆಗೂ ಎಳೆದರು. ಬೆಲ್ಟಿನ ಕೊನೆಯಲ್ಲಿ ಕೆಮ್ಮಣ್ಣಿನ ಒಂದು ಗೆರೆ, ಕೆರೆ ಏರಿಯ ಮೇಲೆ ನೀರು ಇಳಿದ ಗುರುತಿನ ಹಾಗೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಯಮಲೂರು, ಬೆಳ್ಳಂದೂರಿನ ಕಡೆ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ್ದು ನೆನಪಿದೆಯಲ್ಲ? ಗಾಡಿಯೊಳಗೆ ಮಲ್ಲಿಗೆ ಸೆಂಟು ಯಾಕೆ ಅಷ್ಟು ಜಾಸ್ತಿ ಹೊಡೆದಿದ್ದರು ಅನ್ನೋದು ಆಗ ಅರ್ಥವಾಯಿತು.

ಇನ್ನೊಂದು ಹಲ್ಲು ಇನ್ಶೂರೆನ್ಸ್ ಪತ್ರದಲ್ಲಿತ್ತು. ಕ್ಲೇಮ್ ಮಾಡದೆ ವರ್ಷ ಕಳೆದರೆ ಪ್ರೀಮಿಯಂನಲ್ಲಿ ನೋ ಕ್ಲೇಮ್ ಬೋನಸ್ ಅಂತ ರಿಯಾಯಿತಿ ಕೊಡುತ್ತಾರೆ. ಮೊದಲ ವರ್ಷಕ್ಕೆ 20 ಪರ್ಸೆಂಟ್, ಹಾಗೇ ಏರುತ್ತಾ ಐದು ವರ್ಷಕ್ಕೆ 50. "ಒಂದು ಗೀರೂ ಬಿದ್ದಿಲ್ಲ ಸಾರ್" ಅಂದಿದ್ದ ಆ ಗಾಡಿಯ ಪಾಲಿಸಿಯಲ್ಲಿ ಬೋನಸ್ ಸೊನ್ನೆ. ಒಂದೋ ಇನ್ಶೂರೆನ್ಸ್ ಕಟ್ಟೋದು ಬಿಟ್ಟಿದ್ದರು, ಇಲ್ಲವೇ ಹಿಂದಿನ ವರ್ಷ ಕ್ಲೇಮ್ ಆಗಿತ್ತು. ಬಾನೆಟ್ ಮುಟ್ಟಿದರೆ ಬಿಸಿ ಮುದ್ದೆ. ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರು. ರಾತ್ರಿಯೆಲ್ಲ ತಣ್ಣಗೆ ನಿಂತ ಎಂಜಿನ್ ಬೆಳಿಗ್ಗೆ ಮೊದಲ ಸಲ ಕೆಮ್ಮುವಾಗ ಬರುವ ಹೊಗೆಯನ್ನೇ ನೋಡಬೇಕಂತೆ. ಹೊಗೆ ನೀಲಿಯಾದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಅಂತ ಲೆಕ್ಕ. ಬಿಸಿಯಾದ ಮೇಲೆ ಎಂಥ ಎಂಜಿನ್ನೂ ಸಂಭಾವಿತನ ಹಾಗೆ ಮಾತಾಡುತ್ತದೆ.

ಅಮೆರಿಕದಲ್ಲಿ ಇಂಥ ಗಾಡಿಗೆ ಲೆಮನ್ ಅನ್ನುತ್ತಾರೆ, ಅಂದರೆ ನಿಂಬೆಹಣ್ಣು. ಜಾರ್ಜ್ ಅಕೆರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಈ ಹಳೇ ಕಾರಿನ ವ್ಯಾಪಾರದ ಮೇಲೇ ಒಂದು ಲೇಖನ ಬರೆದರು. 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಅವರ ವಾದ ಸರಳ. ಗಾಡಿಯ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲದಕ್ಕೂ ಒಂದೇ ಸಾಧಾರಣ ರೇಟು ಕೇಳುತ್ತಾನೆ. ಆ ರೇಟಿಗೆ ಒಳ್ಳೇ ಗಾಡಿಯವನು ಕೊಡುವುದಿಲ್ಲ, ಮನೆಗೆ ಹೋಗುತ್ತಾನೆ. ಸಂತೆಯಲ್ಲಿ ಕೊನೆಗೆ ನಿಂಬೆಹಣ್ಣುಗಳೇ ಉಳಿಯುತ್ತವೆ. ನಾವೋ, ಗಾಡಿ ಕೊಂಡ ದಿನ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ.

ಆ ಮನೆಗೆ ಹೋದ ಗಾಡಿ ನನಗೆ ಸಿಕ್ಕಿದ್ದು ಮೈಸೂರಿನ ಸರಸ್ವತಿಪುರಂನಲ್ಲಿ. ರಿಟೈರಾದ ಹೈಸ್ಕೂಲ್ ಮೇಷ್ಟ್ರ 2012ರ ಆಲ್ಟೊ. ಹೇಳಿದ ರೇಟು ಒಂದು ತೊಂಬತ್ತು. ಒಂದೂವರೆಗೆ ಕೇಳಿದ್ದಕ್ಕೆ, "ಆ ದುಡ್ಡಿಗೆ ಕೊಡೋದಕ್ಕಿಂತ ಮನೆ ಮುಂದೆ ನಿಂತಿರಲಿ ಬಿಡಪ್ಪಾ, ನೋಡ್ಕೊಂಡಾದ್ರೂ ಇರ್ತೀನಿ" ಅಂದರು. ಅಕೆರ್ಲಾಫ್ ಹೇಳಿದ್ದು ನಿಜ ಅನ್ನಿಸಿತು.

ಮೇಷ್ಟ್ರು ಒಂದೂ ಒಳ್ಳೆಯ ಮಾತು ಹೇಳಲಿಲ್ಲ. "ಎಸಿ ಅಷ್ಟಕ್ಕಷ್ಟೇ. ರಿವರ್ಸ್ ಗೇರ್ ಒಂದೊಂದು ಸಲ ಮುನಿಸಿಕೊಳ್ಳುತ್ತೆ. ಎಡಗಡೆ ಬಾಗಿಲು ಗೇಟಿಗೆ ಉಜ್ಜಿದೆ, ಅದು ನಮ್ಮನೆಯವಳ ಕೆಲಸ" ಅಂದರು. ಒಳಗಿಂದ "ಗೇಟು ಸಣ್ಣದು ಮಾಡಿಸಿದ್ದು ಯಾರು?" ಅಂತ ದನಿ ಬಂತು. ಮೇಸ್ತ್ರಿ ಆಯಿಲ್ ಮುಚ್ಚಳ ತೆಗೆದು ಹಿಮ್ಮೈ ನೋಡಿದರು. ಅಲ್ಲಿ ಕಾಫಿ ನೊರೆಯಂಥದ್ದು ಕಟ್ಟಿದ್ದರೆ ಆಯಿಲಿಗೆ ನೀರು ಸೇರುತ್ತಿದೆ ಅಂತ ಅನುಮಾನ ಪಡಬೇಕು. ಕಟ್ಟಿರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರು. ಎಂಜಿನ್ ತಕ್ಷಣ ಆಫ್ ಆಯಿತು, ಅಂದರೆ ಕ್ಲಚ್ ಪ್ಲೇಟ್ ಹಿಡಿಯುತ್ತಿದೆ. ಸ್ಟೆಪ್ನಿ ಟೈರಿನ ಮೇಲೆ 1912 ಅಂತ ಇತ್ತು. ನಾನು ಸ್ವಾತಂತ್ರ್ಯಪೂರ್ವದ ಟೈರಾ ಅಂದುಕೊಂಡೆ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ ಅಂತೆ. 2012ರ ಹತ್ತೊಂಬತ್ತನೇ ವಾರ, ಗಾಡಿಯ ಜೊತೆಗೇ ಬಂದದ್ದು.

ಮೇಷ್ಟ್ರು ಒಂದು ಇನ್ನೂರು ಪುಟದ ನೋಟ್ ಬುಕ್ ತಂದರು. ಹನ್ನೊಂದು ವರ್ಷ ಹಾಕಿಸಿದ ಪೆಟ್ರೋಲು, ತಾರೀಕು, ಮೀಟರ್ ರೀಡಿಂಗ್, ಎಲ್ಲಾ ಕೆಂಪು ಇಂಕಿನಲ್ಲಿ. ಮೇಸ್ತ್ರಿ ನಾಲ್ಕು ಪುಟ ತಿರುವಿ, ನನ್ನ ಕಡೆ ನೋಡಿ ಸುಮ್ನೆ ತಲೆ ಆಡಿಸಿದರು. ಒಂದು ಎಪ್ಪತ್ತೆರಡಕ್ಕೆ ಮುಗಿಯಿತು. ಸಾಲ ತೀರಿ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹೋಗಿದೆಯಾ ನೋಡಿಕೊಂಡು, ಗಾಡಿಯನ್ನು ನನ್ನ ಹೆಸರಿಗೆ ಮಾಡಿಸುವ 29, 30ನೇ ನಂಬರಿನ ಫಾರಂಗಳಿಗೆ ಸಹಿ ಹಾಕಿಸಿಕೊಂಡು ಹೊರಟೆವು.

ಮನೆ ಮುಂದೆ ಅಮ್ಮ ಆರತಿ ಎತ್ತಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಬೀದಿಯ ಹುಡುಗರು ಗಾಡಿಯ ಮುಂದೆಯೇ ನಿಂತಿದ್ದರು. ಸರಿಯಲಿ ಅಂತ ಹಾರ್ನ್ ಒತ್ತಿದೆ. ಸದ್ದಿಲ್ಲ. ಜೋರಾಗಿ ಒತ್ತಿದೆ. ಇಲ್ಲ. ಪೆಡಲು, ಬೆಲ್ಟು, ಹೊಗೆ, ಟೈರು, ಫಾರಂ ಎಲ್ಲಾ ನೋಡಿದವರು ಹಾರ್ನ್ ಒತ್ತಿ ನೋಡಿರಲಿಲ್ಲ.

ಮೇಷ್ಟ್ರಿಗೆ ಫೋನ್ ಮಾಡಿದೆ. "ಹೌದಾ? ಯಾವಾಗ ಕೆಟ್ಟಿತೋ ಕಾಣೆ" ಅಂದರು. "ನಾನು ಹಾರ್ನ್ ಹೊಡೆದು ಏಳೆಂಟು ವರ್ಷ ಆಗಿರಬೇಕು ಕಣಪ್ಪಾ."