‘ಸಾಕು’ ಎಂದವರ ಎಲೆಗೆ ಮತ್ತೆ ಬಡಿಸಬೇಡಿ

ಕಳೆದ ವಾರ ಉಡುಪಿಯ ಒಂದು ಮದುವೆಯೂಟದ ಹಂತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎಲೆಗೆ ಎರಡೂ ಕೈ ಅಡ್ಡ ಹಿಡಿದು ‘ಸಾಕು, ನನಗೆ ಸಕ್ಕರೆ ಕಾಯಿಲೆ ಇದೆ’ ಎಂದು ಮೂರು ಸಲ ಹೇಳಿದರೂ, ಬಡಿಸುವವರು ಎಲೆಯ ಅಂಚಿಗೆ ಹೋಳಿಗೆ ಹಾಕಿ ಮುಂದೆ ಹೋದರು. ಹಿಂದೆಯೇ ಬಂದ ಮನೆಯವರು ‘ಒಂದು ಹೋಳಿಗೆಯಿಂದ ಏನಾಗುತ್ತದೆ ಮಾವ, ತಿನ್ನಿ’ ಎಂದು ಅದರ ಮೇಲೆ ತುಪ್ಪವನ್ನೂ ಹಾಕಿಸಿದರು. ಎಲೆಯಲ್ಲಿ ಅನ್ನ ಬಿಡಬಾರದೆಂದು ಕಲಿತು ಬೆಳೆದ ಅವರು, ಒಂದು ಮಾತನ್ನೂ ಆಡದೆ ಅದನ್ನು ಪೂರ್ತಿ ತಿಂದರು.

ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ–ನೀರು ಕೊಟ್ಟು ಆಮೇಲೆ ಮಾತಿಗೆ ಕೂರುವ ಊರು ನಮ್ಮದು. ಅತಿಥಿ ಮೊದಲ ಸಲ ಬೇಡವೆನ್ನುವುದು ದಾಕ್ಷಿಣ್ಯದಿಂದ, ಮನೆಯವರು ಒತ್ತಾಯಿಸುವುದು ಪ್ರೀತಿಯಿಂದ; ಇದು ಎರಡೂ ಕಡೆಯವರಿಗೆ ಗೊತ್ತಿದ್ದ ಸಂಗತಿ. ಆದರೆ ಆ ಉಪಚಾರ ನಿಂತಿದ್ದದ್ದು ಪರಿಚಯದ ಮೇಲೆ. ಅಂಗಳದ ಚಪ್ಪರದಲ್ಲಿ ಬಡಿಸುತ್ತಿದ್ದ ನೆಂಟರಿಗೆ ಯಾರ ‘ಯಾವು’ (ತುಳುವಿನಲ್ಲಿ ‘ಸಾಕು’) ದಾಕ್ಷಿಣ್ಯದ್ದು, ಯಾರದು ನಿಜವಾದದ್ದು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಸಾವಿರ ಜನರ ಹಾಲ್‌ನಲ್ಲಿ, ಗುರುತಿಲ್ಲದವರ ಕೈಯಿಂದ ನಡೆಯುವ ಒತ್ತಾಯದಲ್ಲಿ ಆ ತಿಳಿವಳಿಕೆ ಉಳಿದಿಲ್ಲ.

ಮಸ್ಕತ್‌ನಲ್ಲಿ ಕೆಲಸಕ್ಕಿದ್ದಾಗ ಮೊದಲ ಬಾರಿ ಒಮಾನಿ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದೆ. ಖರ್ಜೂರದೊಂದಿಗೆ, ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಾಫಿ ಬಂತು. ಕುಡಿದು ಬಟ್ಟಲು ನೀಡಿದಾಗಲೆಲ್ಲ ಅವರ ಮಗ ಮತ್ತೆ ಸ್ವಲ್ಪ ಸುರಿಯುತ್ತಿದ್ದ. ಸಾಕಾದರೆ ಬಟ್ಟಲನ್ನು ಮೆಲ್ಲಗೆ ಎರಡು ಮೂರು ಸಲ ಅಲ್ಲಾಡಿಸಿ ಹಿಂದಿರುಗಿಸಬೇಕೆಂದು ಜೊತೆಗಿದ್ದವರು ತಿಳಿಸಿದರು. ಹಾಗೆ ಮಾಡಿದೊಡನೆ ಹುಡುಗ ಬಟ್ಟಲು ತೆಗೆದುಕೊಂಡು ಹೋದ, ಯಾರೂ ಕಾರಣ ಕೇಳಲಿಲ್ಲ. ಆ ಅರಬ್ಬಿ ಕಾಫಿಯ ಸಂಪ್ರದಾಯವನ್ನು ಯುನೆಸ್ಕೊ 2015ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ. ಅದರಲ್ಲಿ ನನಗೆ ಅತ್ಯಂತ ಹಿರಿದಾಗಿ ಕಂಡದ್ದು, ಅತಿಥಿಯ ಕೈಯ ಸಣ್ಣ ಅಲುಗಾಟಕ್ಕೆ ಸಿಗುವ ಆ ಮರ್ಯಾದೆ. ಜಪಾನಿನಲ್ಲಿಯೂ ಪಕ್ಕದವರ ಲೋಟ ಬರಿದಾಗದಂತೆ ತುಂಬಿಸುವ ರೂಢಿಯಿದೆ. ಸಾಕಾದವರು ಲೋಟವನ್ನು ತುಂಬಿದ ಹಾಗೆಯೇ ಇರಿಸಿಕೊಳ್ಳುತ್ತಾರೆ. ಅಷ್ಟು ದೂರವೇಕೆ, ಮಂಗಳೂರಿನ ಕ್ರೈಸ್ತ ಗೆಳೆಯರ ಮದುವೆಗಳಲ್ಲಿ ವಧೂವರರಿಗೆ ಟೋಸ್ಟ್ ಎತ್ತುವಾಗ ವೈನ್ ಕುಡಿಯದ ನಾನು ತಂಪು ಪಾನೀಯದ ಲೋಟವನ್ನೇ ಎತ್ತಿದ್ದೇನೆ. ನನ್ನ ಹಾರೈಕೆಯನ್ನು ಅವರು ಅಷ್ಟೇ ಸಂತೋಷದಿಂದ ಸ್ವೀಕರಿಸಿದ್ದಾರೆ.

ಎಲೆಗೆ ಅಡ್ಡ ಬರುವ ಕೈಯೂ ಅಂಥದೇ ಸಂಜ್ಞೆ. ಅದನ್ನು ನಾವು ಗೆಲ್ಲಬೇಕಾದ ಹಟವೆಂದು ಭಾವಿಸುತ್ತಿರುವುದು ನನಗೆ ನಿಜವಾಗಿ ನೋವು ತರುತ್ತದೆ. ಇದಕ್ಕೆ ಬಫೆಯೇ ಪರಿಹಾರ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವವರ ಬಳಿಗೆ ಬಂದು ‘ನಿಧಾನವಾಗಿ ಊಟ ಮಾಡಿ’ ಎನ್ನುವವರು ಇರುವುದಿಲ್ಲ, ಮತ್ತು ಆ ಒಂದು ಮಾತಿಗಾಗಿಯೇ ನಾನು ಇವತ್ತಿಗೂ ಹಂತಿಯಲ್ಲಿ ಕೂರಲು ಬಯಸುತ್ತೇನೆ.

ಬರುವ ತಿಂಗಳು ನಮ್ಮ ಮನೆಯಲ್ಲಿಯೇ ಮದುವೆಯಿದೆ. ಊಟ ಎಲೆಯಲ್ಲಿಯೇ ಆಗಲಿದೆ. ಕೈ ಅಡ್ಡ ಬಂದ ಎಲೆಯನ್ನು ದಾಟಿ ಮುಂದೆ ಹೋಗಬೇಕೆಂದು ಅಡಿಗೆ ಭಟ್ಟರಿಗೂ ಬಡಿಸುವ ಹುಡುಗರಿಗೂ ಹೇಳಿದ್ದೇನೆ. ಹೋಳಿಗೆ ಬೇಡವೆಂದ ಹಿರಿಯರಿಗೆ ಇನ್ನೊಂದು ಸೌಟು ಸಾರು ಬೇಕೇ ಎಂದು ಕೇಳಲು ನಾನೇ ಹಂತಿಯ ನಡುವೆ ಬರುತ್ತೇನೆ.