ಮೂಗು ಕಟ್ಟಿದ ಮನೆಯಲ್ಲಿ ಮದ್ದಿಗೇನು ಬರ

ಹೋದ ವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ 'ಮೂಗು ಕಟ್ಟಿದೆ, ಭಾನುವಾರ ಊರಿಗೆ ಬರಲ್ಲ' ಅಂತ ಒಂದು ಸಾಲು ಹಾಕಿದೆ. ಅರ್ಧ ಗಂಟೆಯಲ್ಲಿ ಒಂಬತ್ತು ಮದ್ದು ಬಂದವು. ಭಾವ ಶುಂಠಿ ಕಷಾಯ ಅಂದರು. ಚಿಕ್ಕಮ್ಮ ದೊಡ್ಡಪತ್ರೆ ಬಾಡಿಸಿ ರಸ ಹಿಂಡು ಅಂದರು. ಮೈಸೂರಿನಲ್ಲಿರುವ ತಮ್ಮ, ಯಾರೋ ಮೂಗಿಗೆ ಬೆಳ್ಳುಳ್ಳಿ ಎಸಳು ತುರುಕಿಕೊಂಡ ವಿಡಿಯೊ ಕಳಿಸಿದ. (ದಯವಿಟ್ಟು ಅದನ್ನು ಮಾಡಬೇಡಿ. ಎಸಳು ತೆಗೆದಾಗ ಸುರಿಯುವುದು ಹಳೇ ಕಫ ಅಲ್ಲ, ಬೆಳ್ಳುಳ್ಳಿ ಘಾಟಿಗೆ ಮೂಗು ಹೊಸದಾಗಿ ಬಿಟ್ಟ ನೀರು.) ಕೊನೆಗೆ ಸೋದರತ್ತೆಯ ವಾಯ್ಸ್ ಮೆಸೇಜ್: "ಲಕ್ಕಿ ಸೊಪ್ಪು ಹಾಕಿ ಹಬೆ ತಗೊಳ್ಳೇ. ಸುಮ್ನೆ ಇಂಗ್ಲಿಷ್ ಮದ್ದಿಗೆ ದುಡ್ಡು ಸುರಿಬೇಡ."

ನಾನಿರುವುದು ಹಾಸನದಲ್ಲಿ, ಊರು ಸಕಲೇಶಪುರದ ಕಡೆ. ಈ ಮೂಗಿನ ಜೊತೆ ಹದಿನೈದು ವರ್ಷದಿಂದ ಸಂಸಾರ ಮಾಡಿದ್ದೇನೆ. ಮೇಲಿನ ಪಟ್ಟಿಯಲ್ಲಿ ಬೆಳ್ಳುಳ್ಳಿ ಒಂದು ಬಿಟ್ಟು ಎಲ್ಲವನ್ನೂ ಮಾಡಿ ನೋಡಿದ್ದೇನೆ. ಮನೆಮದ್ದು ಎಲ್ಲಾ ಸುಳ್ಳು ಅನ್ನುವವಳಲ್ಲ. ಆದರೆ ಯಾವುದಕ್ಕೆ ಎಷ್ಟು ಮರ್ಯಾದೆ ಕೊಡಬೇಕು ಅನ್ನುವುದು ಈಗೀಗ ಗೊತ್ತಾಗಿದೆ.

ಮೊದಲು ಮೂಗಿನ ಒಳಗಿನ ಕಥೆ. ಹಣೆ, ಕೆನ್ನೆ, ಎರಡು ಕಣ್ಣುಗಳ ನಡುವೆ, ಮೂಗಿನ ಹಿಂದೆ, ಹೀಗೆ ಮೂಳೆಯೊಳಗೆ ನಾಲ್ಕು ಜೊತೆ ಗಾಳಿ ತುಂಬಿದ ಗೂಡುಗಳಿವೆ. ಅವೇ ಸೈನಸ್. ಅಲ್ಲಿ ಊರುವ ಲೋಳೆ ಸಣ್ಣ ಸಣ್ಣ ಕಂಡಿಗಳ ಮೂಲಕ ಮೂಗಿಗೆ ಇಳಿಯಬೇಕು. ನೆಗಡಿಯಾದಾಗ ಒಳಗೆಲ್ಲ ಊದಿಕೊಳ್ಳುತ್ತದೆ, ಕಂಡಿ ಮುಚ್ಚುತ್ತದೆ, ಲೋಳೆ ನಿಂತುಬಿಡುತ್ತದೆ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೆ ಮುಖವೇ ಕಳಚಿ ನೆಲಕ್ಕೆ ಬೀಳುತ್ತದೇನೋ ಅನ್ನಿಸುತ್ತದಲ್ಲ, ಅದು ಇದೇ.

ಇದಕ್ಕೆ ಕಾರಣ ಹೆಚ್ಚಿನ ಸಲ ವೈರಸ್. ನೂರು ನೆಗಡಿಯಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುವುದು ಒಂದೆರಡರಲ್ಲಿ ಮಾತ್ರ. ಸಿಂಬಳ ಹಳದಿ, ಹಸಿರು ಆದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಕು ಅಂತಲ್ಲ. ಏನೂ ಮಾಡದಿದ್ದರೂ ಏಳರಿಂದ ಹತ್ತು ದಿನದಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಮನೆಮದ್ದುಗಳ ಹೆಸರು ಬೆಳೆದದ್ದೇ ಹೀಗೆ. ಒಂಬತ್ತನೇ ದಿನ ಯಾವ ಕಷಾಯ ಕುಡಿದಿದ್ದೆವೋ ಅದೇ ರಾಮಬಾಣ. ಮೊದಲ ಎಂಟು ದಿನ ಕುಡಿದ ಕಷಾಯಗಳನ್ನು ಯಾರೂ ನೆನೆಯುವುದಿಲ್ಲ, ಪಾಪ.

ಈಗ ಅತ್ತೆಯ ಲಕ್ಕಿ ಸೊಪ್ಪು. ನಮ್ಮ ತೋಟದ ಬೇಲಿಯಲ್ಲಿ ಅದು ತಾನಾಗಿ ಬೆಳೆದಿದೆ. ಅಜ್ಜಿ ಒಂದು ಹಿಡಿ ಕಿತ್ತು ತಂದು, ಬಚ್ಚಲ ಒಲೆಯ ಮೇಲೆ ಪಾತ್ರೆಯಲ್ಲಿ ಕುದಿಸಿ, ನಮ್ಮನ್ನು ಮುಂದೆ ಕೂರಿಸಿ ತಲೆ ಮೇಲೆ ಕಂಬಳಿ ಹಾಕುತ್ತಿದ್ದರು. ಒಳಗೆ ಕತ್ತಲೆ, ಉಸಿರು ಕಟ್ಟುವ ಬಿಸಿ, ಲಕ್ಕಿಯ ಕಟು ವಾಸನೆ, ಜೊತೆಗೆ ಕಂಬಳಿಯ ಹೊಗೆ ವಾಸನೆ. "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅಂತ ಹೊರಗಿನಿಂದ ಅಜ್ಜಿ. ಹೊರಗೆ ಬಂದಾಗ ಮುಖವೆಲ್ಲ ನೀರು, ಮೂಗು ಸಲೀಸು. ಅರ್ಧ ಗಂಟೆ ಕಳೆದರೆ ಮತ್ತೆ ಅದೇ ಕಥೆ.

ಆ ಅರ್ಧ ಗಂಟೆ ನಿಜ. ಅದಕ್ಕಿಂತ ಹೆಚ್ಚು ಕೇಳಬಾರದು ಅಷ್ಟೇ. ನೆಗಡಿಗೆ ಬಿಸಿ ಹಬೆ ಕೊಟ್ಟು ನಡೆಸಿದ ಪರೀಕ್ಷೆಗಳನ್ನೆಲ್ಲ, ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2017ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಗಟ್ಟಿಯಾಗಿ ಹೇಳುವಂಥ ಲಾಭ ಸಿಗಲಿಲ್ಲ. ನೀರಿಗೆ ಹಾಕುವ ಮುಲಾಮಿನ ಮೆಂಥಾಲ್ ಕೂಡ ಮೂಗಿನ ಊತ ಇಳಿಸುವುದಿಲ್ಲ. ತಂಪು ತಿಳಿಸುವ ನರಗಳನ್ನು ಕೆಣಕುತ್ತದೆ, ಅದರಿಂದ ಗಾಳಿ ಜಾಸ್ತಿ ಹೋದ ಹಾಗೆ ಅನ್ನಿಸುತ್ತದೆ. ಅನ್ನಿಸಿದರೆ ಸಾಕಲ್ವಾ, ರಾತ್ರಿ ನಿದ್ದೆ ಬಂದರೆ ಬೇರೇನು ಬೇಕು ಅಂದರೆ ಅದೂ ಸರಿಯೇ. ನಾನೂ ಈಗಲೂ ಹಬೆ ತೆಗೆದುಕೊಳ್ಳುತ್ತೇನೆ.

ಮಕ್ಕಳಿಗೆ ಮಾತ್ರ ಬೇಡ. ನೆಂಟರ ಮನೆಯೊಂದರಲ್ಲಿ ಆರು ವರ್ಷದ ಹುಡುಗನ ಕಾಲ ಮೇಲೆ ಹಬೆ ಪಾತ್ರೆ ಮಗುಚಿತು. ನೆಗಡಿ ಒಂದು ವಾರಕ್ಕೆ ಹೋಯಿತು, ತೊಡೆಯ ಕಲೆ ಇನ್ನೂ ಇದೆ. 'ನ್ಯಾಚುರಲ್' ಅಂತ ನಾವು ಧೈರ್ಯವಾಗಿ ಮಾಡುವುದು ಕುದಿಯುವ ನೀರಿನ ಜೊತೆ ಅನ್ನುವುದು ಮರೆತುಹೋಗುತ್ತದೆ.

ಇಷ್ಟು ಹೇಳಿ ಇಂಗ್ಲಿಷ್ ಮದ್ದಿನ ಕಥೆ ಹೇಳದಿದ್ದರೆ ಅತ್ತೆಗೆ ಅನ್ಯಾಯವಾಗುತ್ತದೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಸೊಪ್ಪಲ್ಲ, ಒಂದು ಪುಟ್ಟ ಬಾಟಲಿ. ಮೂರು ವರ್ಷದ ಹಿಂದೆ ಕಾಫಿ ಕೊಯ್ಲಿಗೆ ಊರಿಗೆ ಹೋಗಿದ್ದೆ. ಕಣದ ಧೂಳಿಗೆ ಮೂಗು ಬಂದ್ ಆಯಿತು. ವಾಪಸ್ ಬರುವಾಗ ಮೆಡಿಕಲ್ ಶಾಪಿನಲ್ಲಿ ಕೇಳಿದೆ, ಚೀಟಿ ಗೀಟಿ ಏನೂ ಇಲ್ಲದೆ ಮೂಗಿನ ಡ್ರಾಪ್ಸ್ ಕೊಟ್ಟರು. ಎರಡು ಹನಿ ಬಿಟ್ಟೆ. ಎರಡೇ ನಿಮಿಷ, ಘಾಟಿಯಲ್ಲಿ ಜಾಮ್ ಬಿಟ್ಟ ಹಾಗೆ ದಾರಿ ಸಲೀಸಾಯಿತು. ಇಷ್ಟು ದಿನ ಇದನ್ನು ಬಿಟ್ಟು ಬದುಕಿದ್ದು ಹೇಗೆ ಅನ್ನಿಸಿತು.

ಅಲ್ಲಿಂದ ಏಳು ತಿಂಗಳು ಹನಿ ಬಿಟ್ಟೆ. ದಿಂಬಿನ ಕೆಳಗೆ ಒಂದು ಬಾಟಲಿ, ವ್ಯಾನಿಟಿ ಬ್ಯಾಗಿನಲ್ಲಿ ಒಂದು, ಆಫೀಸಿನ ಡ್ರಾಯರಿನಲ್ಲಿ ಒಂದು. ಮದುವೆ ಮನೆಯಲ್ಲಿ ಊಟಕ್ಕೆ ಕೂತವಳು ಪಾಯಸ ಬರುವ ಮೊದಲು ಎದ್ದು ಹೋಗಿ ಹನಿ ಬಿಟ್ಟುಕೊಂಡು ಬಂದಿದ್ದೇನೆ. ನಾಲ್ಕು ಗಂಟೆಗೊಮ್ಮೆ ಮೂಗು ಮತ್ತೆ ಕಟ್ಟುತ್ತಿತ್ತು, ಮೊದಲಿಗಿಂತ ಜೋರಾಗಿ. ಕೊನೆಗೆ ಹಾಸನದಲ್ಲೇ ಕಿವಿ ಮೂಗು ಗಂಟಲಿನ ಡಾಕ್ಟರ್ ಹತ್ತಿರ ಹೋದೆ. ಅವರು ಟಾರ್ಚ್ ಹಿಡಿದು ನೋಡಿ, "ಏನಮ್ಮಾ, ನಿಮ್ಮ ಮೂಗು ಕಟ್ಟಿರೋದು ನೆಗಡಿಗಲ್ಲ, ಈ ಬಾಟ್ಲಿಗೆ" ಅಂದರು.

ಝೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಅಂತ ಬರೆದಿರುವ ಡ್ರಾಪ್ಸ್ ಮೂಗಿನ ರಕ್ತನಾಳಗಳನ್ನು ಕುಗ್ಗಿಸುತ್ತವೆ. ಮೂರು ದಿನ, ಹೆಚ್ಚೆಂದರೆ ಐದು ದಿನಕ್ಕೆ ಒಳ್ಳೇ ಮದ್ದು. ಆಮೇಲೆ ಔಷಧಿ ಇಳಿದ ಕೂಡಲೇ ನಾಳಗಳು ಮೊದಲಿಗಿಂತ ಹೆಚ್ಚು ಊದುತ್ತವೆ. ಊತಕ್ಕೆ ಹನಿ, ಹನಿಗೆ ಊತ. ಬಿಡಿಸಲು ಡಾಕ್ಟರ್ ಸ್ಟೆರಾಯ್ಡ್ ಸ್ಪ್ರೇ ಕೊಟ್ಟರು. ಎರಡು ವಾರ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದೆ. ಸಿಗರೇಟ್ ಬಿಡುವವರ ಮೇಲೆ ಆವತ್ತಿನಿಂದ ಗೌರವ ಬಂದಿದೆ.

ಅದೇ ಡಾಕ್ಟರ್ ಹೇಳಿಕೊಟ್ಟಿದ್ದು ಉಪ್ಪುನೀರು. ಇಷ್ಟು ದೊಡ್ಡ ಡಾಕ್ಟರ್ ಉಪ್ಪು ನೀರು ಹೇಳ್ತಾರಲ್ಲ ಅಂತ ಮೊದಲು ಬೇಜಾರಾಯಿತು. ಹೊಸದೇನಲ್ಲ, ಯೋಗದವರ ಜಲನೇತಿಯೇ. ನನ್ನ ಅನುಭವದಲ್ಲಿ ಮನೆಮದ್ದುಗಳಲ್ಲಿ ಮೊದಲ ಮಣೆ ಇದಕ್ಕೇ ಸಲ್ಲಬೇಕು. ಉಳಿದವು ಮೂಗಿಗೆ ಸಮಾಧಾನ ಹೇಳುತ್ತವೆ, ಇದು ಒಳಗೆ ಕೂತ ಲೋಳೆ, ಧೂಳು ಎರಡನ್ನೂ ತೊಳೆದು ಹೊರಗೆ ಹಾಕುತ್ತದೆ. ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಮಟ್ಟಸವಾಗಿ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಬಗ್ಗಿ, ತಲೆ ಓರೆ ಮಾಡಿ, ಬಾಯಲ್ಲಿ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ಬಿಟ್ಟರೆ ಕೆಳಗಿನ ಹೊಳ್ಳೆಯಲ್ಲಿ ಇಳಿಯುತ್ತದೆ. ಬರೀ ನೀರು ಹಾಕಿದರೆ ಕೆರೆಯಲ್ಲಿ ಮುಳುಗಿ ಎದ್ದ ಹಾಗೆ ನೆತ್ತಿಗೆ ಉರಿ ಹತ್ತುತ್ತದೆ. ಉಪ್ಪು ಹದವಾಗಿದ್ದರೆ ಏನೂ ಆಗುವುದಿಲ್ಲ.

ಒಂದೇ ಒಂದು ಕರಾರು. ನೀರು ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರು ಬೇಡ, "ನಮ್ಮ ಬಾವಿ ನೀರು ಅಮೃತ" ಅನ್ನುವ ಮಾತೂ ಇಲ್ಲಿ ಬೇಡ. ಕೇರಳದಲ್ಲಿ 2024, 2025ರಲ್ಲಿ ಸುದ್ದಿಯಾದ ಮೆದುಳು ತಿನ್ನುವ ಅಮೀಬಾ ಒಳಗೆ ಹೋಗುವುದು ಮೂಗಿನ ದಾರಿಯಲ್ಲೇ. ಕುಡಿದರೆ ಬರುವುದಿಲ್ಲ, ಮೂಗಿಗೆ ಏರಿದರೆ ಬರುತ್ತದೆ. ಅಮೆರಿಕದ ಲೂಸಿಯಾನದಲ್ಲಿ 2011ರಲ್ಲಿ ನಲ್ಲಿ ನೀರಲ್ಲಿ ನೇತಿ ಮಾಡಿದ ಇಬ್ಬರು ಸತ್ತರು. ಬಹಳ ಅಪರೂಪ ನಿಜ, ಆದರೆ ತಪ್ಪಿಸಲು ಬೇಕಾಗಿರುವುದು ಒಂದು ನಿಮಿಷದ ಕುದಿ. 6,500 ಅಡಿಗಿಂತ ಎತ್ತರದಲ್ಲಿ ಮೂರು ನಿಮಿಷ ಕುದಿಸಬೇಕಂತೆ. ಮುಳ್ಳಯ್ಯನಗಿರಿಯೇ ಸುಮಾರು 6,300 ಅಡಿ. ಅದರ ತುದಿಯಲ್ಲಿ ಸ್ಟೌ ಹಚ್ಚಿದರೂ ನಮಗೆ ಒಂದು ನಿಮಿಷ ಸಾಕು!

ಕಷಾಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಸಿಯಾಗಿ ಏನು ಕುಡಿದರೂ ಗಂಟಲಿಗೆ ಹಿತ, ಮೆಣಸಿನ ಖಾರಕ್ಕೆ ಮೂಗು ಸೋರಿ ಸಡಿಲವಾಗುತ್ತದೆ. ಜೇನು ಹಾಕಿಕೊಳ್ಳಿ, ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ನೆಕ್ಕಿಸಬೇಡಿ. ಅರಿಶಿನದ ಕೊಂಬು ಸುಟ್ಟು ಹೊಗೆ ಎಳೆಯುವುದನ್ನು ನಾನು ಬಿಟ್ಟೆ. ಊದಿಕೊಂಡ ಮೂಗಿಗೆ ಹೊಗೆ ಯಾವುದಾದರೂ ಹೊಗೆಯೇ.

ಇನ್ನು, ಈ ಕೆಳಗಿನವಕ್ಕೆ ಯಾವ ಸೊಪ್ಪೂ ಬೇಡ, ಸೀದಾ ಆಸ್ಪತ್ರೆ. ಕಣ್ಣಿನ ಸುತ್ತ ಊತ, ದೃಷ್ಟಿ ಮಂಜಾಗುವುದು, ಜೋರು ಜ್ವರ, ಕತ್ತು ಬಿಗಿಯುವುದು, ತಡೆಯಲಾರದ ತಲೆನೋವು. ಹತ್ತು ದಿನವಾದರೂ ಇಳಿಯದಿದ್ದರೆ, ಅಥವಾ ಇಳಿದಿದ್ದು ಮತ್ತೆ ಏರಿದರೆ ಆಗಲೂ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಹುಷಾರು. 2021ರಲ್ಲಿ ಕೋವಿಡ್ ಆದಮೇಲೆ ಬಂದ ಕಪ್ಪು ಶಿಲೀಂಧ್ರ ಬಹಳ ಜನರಲ್ಲಿ ಶುರುವಾಗಿದ್ದು ಈ ಮೂಗು, ಸೈನಸ್‌ನಲ್ಲೇ.

ನನ್ನ ಮೂಗಿನ ಅಸಲಿ ಗುಟ್ಟು ಸಿಕ್ಕಿದ್ದು ಬೇರೆ ಕಡೆ. "ವರ್ಷದಲ್ಲಿ ಯಾವಾಗ ಬರುತ್ತೆ?" ಅಂತ ಡಾಕ್ಟರ್ ಕೇಳಿದ್ದರು. ಲೆಕ್ಕ ಹಾಕಿದೆ. ಮಳೆಗಾಲದಲ್ಲಿ ಊರಿಗೆ ಹೋದಾಗ, ಮತ್ತೆ ಕೊಯ್ಲಿನಲ್ಲಿ. ಜ್ವರ ಇಲ್ಲ, ಬರೀ ಸೀನು, ಮೂಗು ತುರಿಕೆ, ನೀರಿನಂಥ ಸಿಂಬಳ. ಇಷ್ಟು ವರ್ಷ ಸೈನಸ್ ಸೈನಸ್ ಅಂದಿದ್ದು ಬಹುಪಾಲು ಅಲರ್ಜಿ. ನಮ್ಮ ಕಡೆ ಮಳೆ ಹಿಡಿದರೆ ಬೆಲ್ಟು, ಬ್ಯಾಗು, ಪುಸ್ತಕ ಎಲ್ಲಕ್ಕೂ ಬೂಸ್ಟು. ನಾನು ಹೋದಾಗ ಅವ್ವ ಪ್ರೀತಿಯಿಂದ ಅಟ್ಟದ ಪೆಟ್ಟಿಗೆಯಿಂದ ತೆಗೆದು ಹೊದಿಸುವ ರಜಾಯಿ ನನ್ನ ಅಜ್ಜನ ಕಾಲದ್ದು. ಅದರೊಳಗೆ ಮೂರು ತಲೆಮಾರಿನ ಧೂಳುಹುಳ ಇದ್ದಿರಬೇಕು. ರಾತ್ರಿ ಅದನ್ನು ಹೊದ್ದು ಮಲಗುವುದು, ಬೆಳಿಗ್ಗೆ ಎದ್ದು ಲಕ್ಕಿ ಹಬೆ ತೆಗೆದುಕೊಳ್ಳುವುದು. ವರ್ಷಗಟ್ಟಲೆ ಇದೇ ನಡೆದಿತ್ತು.

ಈ ಸಲ ಬಿಸಿಲು ಬಂದಾಗ ಅಟ್ಟ ಖಾಲಿ ಮಾಡಿಸಿದೆ. ರಜಾಯಿ ಕೊಟ್ಟುಬಿಡು ಅಂದರೆ ಅವ್ವ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಬೇರೆ ಹೊದಿಕೆಗಳನ್ನು ಕುದಿಯುವ ಹಂಡೆ ನೀರಲ್ಲಿ ಒಗೆಸಿ, ರಜಾಯಿಯನ್ನು ನನಗೆ ಕಾಣದ ಪೆಟ್ಟಿಗೆಗೆ ಸೇರಿಸುವುದು ಅಂತ ರಾಜಿಯಾಯಿತು.

ಇದನ್ನೆಲ್ಲ ಮೊನ್ನೆ ಅತ್ತೆಗೆ ಫೋನಿನಲ್ಲಿ ಹೇಳಿದೆ. ಉಪ್ಪುನೀರು, ಬೂಸ್ಟು, ಧೂಳುಹುಳ, ಎಲ್ಲ ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ, "ಸರಿ ಹಂಗಾದ್ರೆ, ಆ ಪೆಟ್ಟಿಗೆ ಒಳಗೆ ನಾಲ್ಕು ಲಕ್ಕಿ ಸೊಪ್ಪು ಹಾಕಕ್ಕೆ ಹೇಳು. ಹುಳ ಬರಲ್ಲ" ಅಂದರು.